ಹಾಲು ಕುಡಿಯುವಾಗ ಬೆವರುವ ಮಗು

ಎಳೆಗೂಸು ಅತ್ತರೆ ನಮ್ಮ ನೇಸರಗಿ ಕಡೆ ಕಾರಣ ಹೇಳುವವರಿಗೆ ಕೊರತೆಯಿಲ್ಲ. ಹೊಟ್ಟೆನೋವು, ಗಾಳಿ ತುಂಬಿದೆ, ತಾಯಿ ತಿನ್ನಬಾರದ್ದನ್ನು ತಿಂದಿದ್ದಾಳೆ, ಇಲ್ಲವೇ ನಜರ್ ಆಗಿದೆ. ಒಬ್ಬರು ಗ್ರೈಪ್ ವಾಟರ್ ಹಾಕಿ ಎನ್ನುತ್ತಾರೆ, ಇನ್ನೊಬ್ಬರು ಬಜೆ ತೇಯ್ದು ನೆಕ್ಕಿಸಿ ಎನ್ನುತ್ತಾರೆ, ಮತ್ತೊಬ್ಬರು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕುತ್ತಾರೆ. ಹೆಚ್ಚಿನ ಮಕ್ಕಳು ಅತ್ತು ದಣಿದು ತಮ್ಮಷ್ಟಕ್ಕೆ ಸುಮ್ಮನಾಗುತ್ತವೆ. ಹೀಗಾಗಿ ಮದ್ದು ಹೇಳಿದ ಎಲ್ಲರಿಗೂ ಒಳ್ಳೆಯ ಹೆಸರು ಬರುತ್ತದೆ.

ಆದರೆ ಕೆಲವು ಕೂಸುಗಳ ಅಳು ಬೇರೆ ತರಹದ್ದು. ಹಸಿವಾಗಿ ಎದೆಗೆ ಬಾಯಿ ಹಚ್ಚುತ್ತದೆ. ಎರಡು ನಿಮಿಷ ಹೀರುತ್ತದೆ. ಆಮೇಲೆ ಥಟ್ಟನೆ ಬಿಟ್ಟು ಯಾರೋ ಚಿವುಟಿದಂತೆ ಚೀರುತ್ತದೆ. ಮುಖ ಬಿಳುಚಿಕೊಳ್ಳುತ್ತದೆ. ಚಳಿಗಾಲದಲ್ಲೂ ಹಣೆಯ ಮೇಲೆ, ಕೂದಲ ಬುಡದಲ್ಲಿ ಬೆವರು. ಉಸಿರು ಜೋರಾಗುತ್ತದೆ. ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಎದೆಗೆ ಬರುತ್ತದೆ, ಮತ್ತೆ ಅದೇ ಚೀರಾಟ. ಹೃದಯದ ತೊಂದರೆಯಿರುವ ಹಿರಿಯರಿಗೆ ಮೆಟ್ಟಿಲು ಹತ್ತುವಾಗ ಎದೆನೋವು ಬರುವುದನ್ನು ನಾವು ನೋಡಿದ್ದೇವೆ. ಮೂರು ತಿಂಗಳ ಕೂಸಿಗೆ ಹತ್ತಲು ಮೆಟ್ಟಿಲಿಲ್ಲ. ಅದು ಮಾಡುವ ಅತಿ ದೊಡ್ಡ ಶ್ರಮದ ಕೆಲಸವೆಂದರೆ ಹಾಲು ಕುಡಿಯುವುದು. ಕೆಲವು ಮಕ್ಕಳಲ್ಲಿ ಈ ಅಳು ನಿಜವಾಗಿ ಎದೆನೋವಿನ ಅಳು ಎಂದು ವೈದ್ಯರು ಹೇಳುತ್ತಾರೆ.

1933ರಲ್ಲಿ ಅಮೆರಿಕದ ಬೋಸ್ಟನ್ ನಗರದ ಬ್ಲಾಂಡ್, ವೈಟ್ ಮತ್ತು ಗಾರ್ಲೆಂಡ್ ಎಂಬ ಮೂವರು ವೈದ್ಯರು ಇಂಥ ಒಂದು ಕೂಸಿನ ವಿವರವನ್ನು ಪ್ರಕಟಿಸಿದರು. ಕೂಸು ಉಳಿಯಲಿಲ್ಲ. ತೀರಿಕೊಂಡ ಮೇಲೆ ಪರೀಕ್ಷಿಸಿದಾಗ ಹೃದಯದ ಒಂದು ರಕ್ತನಾಳ ಹುಟ್ಟಬೇಕಾದ ಜಾಗದಲ್ಲಿ ಹುಟ್ಟದೆ ಬೇರೆಡೆ ಹುಟ್ಟಿದ್ದು ಕಂಡಿತು. ಆಗ ಅದಕ್ಕೆ ಚಿಕಿತ್ಸೆಯೇ ಇರಲಿಲ್ಲ. ಇಂದು ಅದೇ ದೋಷದೊಂದಿಗೆ ಹುಟ್ಟಿ, ಸಕಾಲಕ್ಕೆ ಶಸ್ತ್ರಚಿಕಿತ್ಸೆಯಾದ ಮಕ್ಕಳಲ್ಲಿ ಹೆಚ್ಚಿನವರು ಪಾಟಿಚೀಲ ಹೊತ್ತು ಶಾಲೆಗೆ ಹೋಗುತ್ತಾರೆ.

ಮಕ್ಕಳ ಹೃದಯರೋಗ ಎಂದೊಡನೆ ನಮಗೆ ಹೊಳೆಯುವುದು ‘ಹಾರ್ಟಿನಲ್ಲಿ ತೂತು’. 2003ರ ಜುಲೈಯಲ್ಲಿ ಲಾಹೋರಿನಿಂದ ಬಸ್ಸಿನಲ್ಲಿ ಹೊರಟು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಬಂದ ಎರಡೂವರೆ ವರ್ಷದ ನೂರ್ ಫಾತಿಮಾಳನ್ನು ಹಳೆಯ ಓದುಗರು ಮರೆತಿರಲಾರರು. ನಿಂತುಹೋಗಿದ್ದ ದಿಲ್ಲಿ-ಲಾಹೋರ್ ಬಸ್ಸು ಮತ್ತೆ ಆರಂಭವಾದಾಗ ಬಂದ ಆ ಮಗುವಿಗಾಗಿ ಗಡಿಯ ಎರಡೂ ಕಡೆ ದುವಾ ನಡೆಯಿತು. ಅವಳದು ಹೃದಯದ ಗೋಡೆಯ ರಂಧ್ರದ ತೊಂದರೆ. ನಾನಿಲ್ಲಿ ಹೇಳುತ್ತಿರುವುದು ರಂಧ್ರದ ಮಾತಲ್ಲ, ನಾಳದ ಮಾತು.

ಮದುವೆ ಮನೆಯಲ್ಲಿ ಎಲ್ಲರಿಗೂ ಬಡಿಸುವವರೂ ಊಟ ಮಾಡಬೇಕಲ್ಲ. ದೇಹಕ್ಕೆಲ್ಲ ರಕ್ತ ಹಂಚುವ ಹೃದಯದ ಸ್ನಾಯುವಿಗೂ ರಕ್ತ ಬೇಕು. ಹೃದಯದಿಂದ ಹೊರಡುವ ದೊಡ್ಡ ನಾಳಕ್ಕೆ ಮಹಾಪಧಮನಿ ಎನ್ನುತ್ತಾರೆ. ಅದರ ಬುಡದಲ್ಲೇ, ಬೇರೆ ಯಾವ ಅಂಗಕ್ಕೂ ಕವಲು ಹೋಗುವ ಮೊದಲೇ, ಎಡಕ್ಕೊಂದು ಬಲಕ್ಕೊಂದು ಸಣ್ಣ ನಾಳಗಳು ಹೊರಟು ಹೃದಯದ ಮೈಮೇಲೆ ಹರಡಿಕೊಳ್ಳುತ್ತವೆ. ಇವೇ ಕರೊನರಿ ಧಮನಿಗಳು. ಹಿರಿಯರಿಗೆ ‘ಬ್ಲಾಕ್’ ಆಗುವುದು ಇವುಗಳಲ್ಲೇ. ಕೆಲವು ಮಕ್ಕಳಲ್ಲಿ ಎಡ ಕರೊನರಿ ಧಮನಿ ಮಹಾಪಧಮನಿಯ ಬದಲು ಪಕ್ಕದಲ್ಲಿರುವ ಶ್ವಾಸಕೋಶದ ಅಪಧಮನಿಯಿಂದ ಹುಟ್ಟಿರುತ್ತದೆ. ವೈದ್ಯರು ಇದನ್ನು ಚಿಕ್ಕದಾಗಿ ‘ಅಲ್ಕಾಪಾ’ ಎನ್ನುತ್ತಾರೆ. ಶ್ವಾಸಕೋಶಕ್ಕೆ ಹೋಗುವ ರಕ್ತದಲ್ಲಿ ಆಮ್ಲಜನಕ ಕಡಿಮೆ, ಆ ನಾಳದಲ್ಲಿ ಒತ್ತಡವೂ ಕಡಿಮೆ.

ಇದು ತುಂಬಾ ಅಪರೂಪ. ಹುಟ್ಟುವ 1,000 ಮಕ್ಕಳಲ್ಲಿ ಸುಮಾರು 8-9 ಮಕ್ಕಳಿಗೆ ಒಂದಲ್ಲ ಒಂದು ಹೃದಯದೋಷ ಇರುತ್ತದೆ. ಅಲ್ಕಾಪಾ ಇರುವುದು ಸುಮಾರು 3 ಲಕ್ಷಕ್ಕೆ ಒಂದು ಮಗುವಿಗೆ. ಕರ್ನಾಟಕದಲ್ಲಿ ವರ್ಷಕ್ಕೆ ಹುಟ್ಟುವ ಮಕ್ಕಳ ಲೆಕ್ಕ ಹಿಡಿದರೆ ಮೂರೋ ನಾಲ್ಕೋ ಆಗಬಹುದು. ಹಾಗಾದರೆ ಇದರ ಬಗ್ಗೆ ಇಷ್ಟು ಬರೆಯುವುದೇಕೆ? ಚಿಕಿತ್ಸೆಯಿಲ್ಲದಿದ್ದರೆ ಇಂಥ ಮಕ್ಕಳಲ್ಲಿ ಸುಮಾರು 90 ಶೇಕಡ ಮೊದಲ ವರ್ಷ ದಾಟುವುದಿಲ್ಲ. ಚಿಕಿತ್ಸೆಯಾದರೆ ಹೆಚ್ಚಿನವರು ಉಳಿಯುವುದು ಮಾತ್ರವಲ್ಲ, ಅವರ ಹೃದಯವೇ ಮತ್ತೆ ಸರಿಹೋಗುತ್ತದೆ. ಇಷ್ಟು ದೊಡ್ಡ ಅಂತರವಿರುವ ರೋಗಗಳು ಕಡಿಮೆ. ಇನ್ನೊಂದು ಮಾತೂ ಇದೆ. ಇದರ ಲಕ್ಷಣಗಳೇ ಬೇರೆ ಸಾಮಾನ್ಯ ಹೃದಯದೋಷಗಳ ಲಕ್ಷಣಗಳು ಕೂಡ. ಇದನ್ನು ನೆನಪಿಟ್ಟ ತಾಯಿ ಅವುಗಳನ್ನೂ ಗುರುತಿಸುತ್ತಾಳೆ.

ಈ ರೋಗ ಕಾಣಿಸಿಕೊಳ್ಳುವ ಕಾಲವನ್ನು ಸಹೋದರಿಯರು ಗಮನವಿಟ್ಟು ಓದಬೇಕು. ಗರ್ಭದಲ್ಲಿರುವಾಗ ಎರಡೂ ದೊಡ್ಡ ನಾಳಗಳ ಒತ್ತಡ ಹೆಚ್ಚುಕಡಿಮೆ ಸಮ. ಹಾಗಾಗಿ ಮಗುವಿಗೆ ಏನೂ ಆಗುವುದಿಲ್ಲ. ಹುಟ್ಟಿದಾಗ ತೂಕ ಸರಿ, ಬಣ್ಣ ಸರಿ, ಅಳು ಸರಿ. ಇದು ಮೈ ನೀಲಿಯಾಗುವ ರೋಗವಲ್ಲ. ಉಸಿರಾಟ ಶುರುವಾದ ಮೇಲೆ ವಾರ ವಾರಕ್ಕೆ ಶ್ವಾಸಕೋಶದ ನಾಳದ ಒತ್ತಡ ಇಳಿಯುತ್ತಾ ಬರುತ್ತದೆ. ಆಗ ಅಲ್ಲಿಂದ ಹುಟ್ಟಿದ ಎಡ ಕರೊನರಿಗೆ ರಕ್ತ ಸಾಲದಾಗುತ್ತದೆ. ಬಲ ಕರೊನರಿಯಿಂದ ಅಡ್ಡದಾರಿಗಳಲ್ಲಿ ಬಂದ ಒಳ್ಳೆಯ ರಕ್ತವೂ ಎಡದ ನಾಳಕ್ಕೆ ಬಂದು ಹಿಮ್ಮುಖವಾಗಿ ಶ್ವಾಸಕೋಶದ ಕಡೆ ಸೋರಿಹೋಗುತ್ತದೆ. ಹೃದಯದ ಎಡಭಾಗದ ಸ್ನಾಯು ಹಸಿದು ಹಿಗ್ಗುತ್ತದೆ. ಇದೆಲ್ಲ ಹೊರಗೆ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಎರಡು-ಮೂರು ತಿಂಗಳ ಹೊತ್ತಿಗೆ.

ಎರಡು-ಮೂರು ತಿಂಗಳು ಎಂದರೆ ನಮ್ಮ ಮನೆಗಳಲ್ಲಿ ಯಾವ ಕಾಲ? ಚಿಲ್ಲಾ ಮುಗಿದು, ನಲವತ್ತರ ಸ್ನಾನ ಆಗಿ, ಮಗುವನ್ನು ಮೊದಲ ಬಾರಿ ಹೊರಗೆ ತೆಗೆದುಕೊಂಡು ಹೋಗುವ ಕಾಲ. ಅಂದರೆ ನಜರ್ ಆಯಿತು ಎನ್ನಲು ತಕ್ಕ ಕಾಲ. ಆರು, ಹತ್ತು ಮತ್ತು ಹದಿನಾಲ್ಕನೆಯ ವಾರಗಳಲ್ಲಿ ಲಸಿಕೆ ಹಾಕುತ್ತಾರೆ. ಅಂದರೆ ಸೂಜಿ ಹಾಕಿಸಿದ ಮೇಲೇ ಹೀಗಾಯಿತು ಎನ್ನಲೂ ತಕ್ಕ ಕಾಲ. ಬಾಣಂತಿ ತವರಿನಿಂದ ಗಂಡನ ಮನೆಗೆ ಬರುವುದೂ ಬಹಳ ಸಲ ಆಗಲೇ. “ನಮ್ಮಲ್ಲಿದ್ದಾಗ ಚೆನ್ನಾಗಿತ್ತು” ಎಂದು ನಾನಿ ಹೇಳುತ್ತಾರೆ, “ಬರುವಾಗಲೇ ಹೀಗಿತ್ತು, ನೀವು ನೋಡಲಿಲ್ಲ” ಎಂದು ದಾದಿ ಹೇಳುತ್ತಾರೆ. ನಡುವೆ ಕೂತ ತಾಯಿ ಎರಡೂ ಕಡೆಯ ಮಾತು ಕೇಳಬೇಕು. ವಾಸ್ತವದಲ್ಲಿ ಗರ್ಭದ ಮೊದಲ ವಾರಗಳಲ್ಲಿ, ಎಷ್ಟೋ ಸಲ ತಾನು ಗರ್ಭಿಣಿ ಎಂದು ತಾಯಿಗೆ ಖಚಿತವಾಗುವ ಹೊತ್ತಿಗೇ, ಆ ನಾಳದ ಜಾಗ ತಪ್ಪಿರುತ್ತದೆ. ಅವಳು ತಿಂದ ಪಪ್ಪಾಯಿಯಿಂದಲ್ಲ, ಗ್ರಹಣದ ದಿನ ಹೊರಗೆ ಬಂದದ್ದರಿಂದಲ್ಲ, ಲಸಿಕೆಯಿಂದಲೂ ಅಲ್ಲ. ರಕ್ತಸಂಬಂಧದಲ್ಲಿ ಮದುವೆಯಾದ ದಂಪತಿಗಳ ಮಕ್ಕಳಲ್ಲಿ ಹೃದಯದೋಷಗಳು ಒಟ್ಟಾರೆ ಸ್ವಲ್ಪ ಹೆಚ್ಚು ಎಂಬುದು ನಿಜ. ಆದರೆ ಅಲ್ಕಾಪಾ ಸಾಮಾನ್ಯವಾಗಿ ವಂಶದಲ್ಲಿ ಹರಿದು ಬರುವ ರೋಗವಲ್ಲ.

ದಮ್ ಮಾಡಿಸಬೇಡಿ, ದುವಾ ಕೇಳಬೇಡಿ ಎಂದು ನಾನು ಹೇಳುವವರಲ್ಲ. ಚಿಕಿತ್ಸೆ ಪಡೆಯುವುದು ತವಕ್ಕುಲ್‌ಗೆ ವಿರುದ್ಧವಲ್ಲ ಎಂಬುದನ್ನು ಮದ್ರಸದಲ್ಲಿ ಎಳೆಯ ವಯಸ್ಸಿನಲ್ಲೇ ಕಲಿಸುತ್ತಾರೆ. ಆದರೆ ನಮ್ಮ ಕಡೆ ತಾಯಿತ ಕಟ್ಟಿ ‘ಮೂರು ಗುರುವಾರ ನೋಡೋಣ’ ಎನ್ನುವ ಅಭ್ಯಾಸವಿದೆ. ಈ ರೋಗದಲ್ಲಿ ಮೂರು ಗುರುವಾರ ಎಂದರೆ ಬಹಳ ದೊಡ್ಡ ಅವಧಿ.

ಆಸ್ಪತ್ರೆಗೆ ಹೋದ ಮೇಲೂ ದಾರಿ ತಪ್ಪುವುದುಂಟು. ಉಸಿರು ಜೋರಾಗಿದೆ, ಎದೆ ಗೊರಗೊರ ಎನ್ನುತ್ತದೆ ಎಂದು ನ್ಯುಮೋನಿಯಾ ಔಷಧ ಕೊಡುತ್ತಾರೆ. ಎಕ್ಸ್-ರೇಯಲ್ಲಿ ಹೃದಯ ದೊಡ್ಡದಾಗಿ ಕಂಡಾಗ ‘ಹೃದಯದ ಸ್ನಾಯುವೇ ದುರ್ಬಲ, ಕಾರ್ಡಿಯೊಮಯೋಪಥಿ’ ಎಂದು ಬರೆಯುವುದುಂಟು. ಅಲ್ಕಾಪಾ ಅಪಾಯಕಾರಿಯಾಗುವುದು ಇಲ್ಲಿಯೇ. ಕಾರ್ಡಿಯೊಮಯೋಪಥಿ ಎಂದರೆ ಬಹುಪಾಲು ಔಷಧದಿಂದ ದಿನ ದೂಡುವ ರೋಗ. ಕಾಗದದ ಮೇಲೆ ಆ ಹೆಸರು ಬಂದಿತೆಂದರೆ ಮನೆಯವರು ಆಸೆ ಬಿಡುತ್ತಾರೆ. ಅಲ್ಕಾಪಾ ಹಾಗಲ್ಲ, ಅದು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದಾದ ರೋಗ. ಹೊರಗಿನಿಂದ ನೋಡಿದರೆ ಎರಡೂ ಒಂದೇ ತರಹ.

ವ್ಯತ್ಯಾಸ ಹೇಳುವುದು ಇಸಿಜಿ ಮತ್ತು ಎಕೋ ಪರೀಕ್ಷೆಗಳು. ಕೂಸಿನ ಇಸಿಜಿಯಲ್ಲಿ ಹಿರಿಯರ ಹೃದಯಾಘಾತದಂಥ ಗುರುತು ಕಂಡರೆ ಅನುಭವಿ ವೈದ್ಯರಿಗೆ ತಕ್ಷಣ ಸಂಶಯ ಬರುತ್ತದೆ. ಎಕೋ ಎಂದರೆ ಹೊಟ್ಟೆಯ ಸ್ಕ್ಯಾನಿಂಗ್‌ನಂಥದ್ದೇ, ನೋವಿಲ್ಲ, ಸೂಜಿಯಿಲ್ಲ. ಆದರೆ ಮಿಲಿಮೀಟರ್ ಲೆಕ್ಕದ ನಾಳವನ್ನು ಹುಡುಕಿ ನೋಡಬೇಕಾದ್ದರಿಂದ ಮಕ್ಕಳ ಹೃದಯತಜ್ಞರೇ ಮಾಡಿದರೆ ಒಳ್ಳೆಯದು. ಸಂಶಯ ಉಳಿದರೆ ಸಿಟಿ ಆಂಜಿಯೊಗ್ರಾಂ ಮಾಡುತ್ತಾರೆ. ತಾಯಂದಿರು ಒಂದು ಪ್ರಶ್ನೆಯನ್ನು ಬಾಯಿಪಾಠ ಮಾಡಿಕೊಂಡು ಹೋಗಬಹುದು: “ಡಾಕ್ಟರೇ, ಎರಡೂ ಕರೊನರಿ ನಾಳ ಮಹಾಪಧಮನಿಯಿಂದಲೇ ಹುಟ್ಟಿದ್ದು ಕಾಣಿಸಿತೇ?” ಹೃದಯ ದೊಡ್ಡದಾಗಿದೆ, ದುರ್ಬಲವಾಗಿದೆ ಎಂದ ಯಾವ ಕೂಸಿನ ವಿಷಯದಲ್ಲೂ ಇದು ಕೇಳಲೇಬೇಕಾದ ಪ್ರಶ್ನೆ. ಇದನ್ನು ಕೇಳಿದರೆ ಒಳ್ಳೆಯ ವೈದ್ಯರು ಬೇಸರ ಮಾಡಿಕೊಳ್ಳುವುದಿಲ್ಲ.

ಶಸ್ತ್ರಚಿಕಿತ್ಸೆ ಇಂದಿನ ರೂಪಕ್ಕೆ ಬರಲು ದಶಕಗಳೇ ಬೇಕಾದವು. 1960ರ ಸುಮಾರಿಗೆ ವೈದ್ಯರು ಮಾಡುತ್ತಿದ್ದುದು ತಪ್ಪು ಜಾಗದ ನಾಳವನ್ನು ದಾರದಿಂದ ಕಟ್ಟಿ ಸೋರಿಕೆ ನಿಲ್ಲಿಸುವುದು. ಕೆಲವರು ಉಳಿದರು, ಆದರೆ ಎರಡು ನಾಳದ ಕೆಲಸ ಒಂದರ ಮೇಲೇ ಬೀಳುತ್ತಿತ್ತು. 1974ರಲ್ಲಿ ನಾಳವನ್ನೇ ಕಿತ್ತು ಮಹಾಪಧಮನಿಗೆ ನೇರವಾಗಿ ಜೋಡಿಸಿದ ವರದಿ ಬಂತು. 1979ರಲ್ಲಿ ಜಪಾನಿನ ತಕೆಯುಚಿ, ನಾಳ ದೂರವಿದ್ದಾಗ ಶ್ವಾಸಕೋಶದ ಅಪಧಮನಿಯ ಒಳಗೇ ಒಂದು ಸುರಂಗ ಮಾಡಿ ರಕ್ತ ಹರಿಸುವ ವಿಧಾನ ತೋರಿಸಿದರು. ಈ ನಡುವೆ 1975ರಲ್ಲಿ ಬ್ರೆಜಿಲ್‌ನ ಡಾ. ಅದೀಬ್ ಜತೇನೆ, ಎರಡು ದೊಡ್ಡ ನಾಳಗಳು ಅದಲುಬದಲಾಗಿ ಹುಟ್ಟಿದ ಮಗುವಿನಲ್ಲಿ ಅವನ್ನು ಮರಳಿ ಬದಲಿಸಿ, ಕರೊನರಿಗಳನ್ನೂ ಜೊತೆಗೆ ಸ್ಥಳಾಂತರಿಸಿ ಯಶಸ್ವಿಯಾದರು. ಅವರು ಅರಬ್ ಮೂಲದವರು, ಪೂರ್ವಜರು ಲೆಬನಾನಿನವರು. ಆ ಶಸ್ತ್ರಚಿಕಿತ್ಸೆ ಜಗತ್ತಿನಾದ್ಯಂತ ಹರಡಿದಂತೆ ಒಂದೆರಡು ಮಿಲಿಮೀಟರ್ ನಾಳವನ್ನು ಹೊಲಿಯುವ ಕೈಚಳಕವೂ ಹರಡಿತು. ಅಲ್ಕಾಪಾ ಮಕ್ಕಳಿಗೂ ಅದರ ಲಾಭ ದೊರೆಯಿತು.

ಈಗ ಮಾಡುವುದು ಹೆಚ್ಚಾಗಿ ನೇರ ಜೋಡಣೆಯೇ. ಹಾರ್ಟ್-ಲಂಗ್ ಯಂತ್ರದ ನೆರವಿನಿಂದ ಹೃದಯವನ್ನು ನಿಲ್ಲಿಸಿ, ನಾಳದ ಬಾಯಿಯನ್ನು ಸುತ್ತಲಿನ ಗೋಡೆಯ ಚೂರಿನೊಂದಿಗೆ ಗುಂಡಿಯಂತೆ ಕತ್ತರಿಸಿ ತೆಗೆದು ಮಹಾಪಧಮನಿಗೆ ಹೊಲಿಯುತ್ತಾರೆ. ಕತ್ತರಿಸಿದ ಜಾಗಕ್ಕೆ ತೇಪೆ ಹಾಕುತ್ತಾರೆ. ಮೊದಲ ಕೆಲವು ದಿನ ಕಠಿಣ. ಹೃದಯ ಮೊದಲೇ ದಣಿದಿರುತ್ತದೆ, ವೆಂಟಿಲೇಟರ್ ಬೇಕಾಗುತ್ತದೆ. ಒಮ್ಮೊಮ್ಮೆ ಎದೆಯ ಗಾಯವನ್ನು ಒಂದೆರಡು ದಿನ ತೆರೆದೇ ಇಡುತ್ತಾರೆ. ಕೆಲವರಿಗೆ ಹೃದಯದ ಕೆಲಸವನ್ನು ಹೊರಗಿನಿಂದ ನಡೆಸುವ ಯಂತ್ರವೂ ಬೇಕಾಗಬಹುದು. ಗಾಜಿನಾಚೆಯಿಂದ ನೋಡುವ ತಾಯಿಗೆ ಎಲ್ಲ ಮುಗಿಯಿತು ಎನಿಸುತ್ತದೆ. ಇದೆಲ್ಲ ಆಗಬಹುದು ಎಂದು ಮನೆಯವರಿಗೆ ಮೊದಲೇ ಗೊತ್ತಿದ್ದರೆ ಒಳ್ಳೆಯದು.

ಫಲಿತಾಂಶ ಹೇಗಿದೆ? ಅನುಭವವಿರುವ ಕೇಂದ್ರಗಳಲ್ಲಿ 100 ಮಕ್ಕಳಲ್ಲಿ 90ಕ್ಕೂ ಹೆಚ್ಚು ಮಕ್ಕಳು ಶಸ್ತ್ರಚಿಕಿತ್ಸೆ ದಾಟಿ ಮನೆಗೆ ಮರಳುತ್ತಾರೆ. ಹೀಗೆ ಮರಳಿದವರಲ್ಲಿ ಹತ್ತಾರು ವರ್ಷ ಬದುಕುವವರ ಪ್ರಮಾಣವೂ ಬಹಳ ಹೆಚ್ಚು. ಆಶ್ಚರ್ಯದ ವಿಷಯವೆಂದರೆ ಆ ಹಿಗ್ಗಿದ ಹೃದಯದ ಸ್ನಾಯುವಿನ ಬಹುಭಾಗ ಸತ್ತಿರುವುದಿಲ್ಲ, ರಕ್ತವಿಲ್ಲದೆ ನಿದ್ದೆ ಹೋಗಿರುತ್ತದೆ. ರಕ್ತ ಸಿಕ್ಕ ಮೇಲೆ ತಿಂಗಳುಗಳಲ್ಲಿ ಎಚ್ಚರಗೊಳ್ಳುತ್ತದೆ. ಹೆಚ್ಚಿನ ಮಕ್ಕಳಲ್ಲಿ ಒಂದೆರಡು ವರ್ಷದೊಳಗೆ ಹೃದಯದ ಬಡಿತದ ಶಕ್ತಿ ಸಾಮಾನ್ಯ ಮಟ್ಟಕ್ಕೆ ಬರುತ್ತದೆ. ಸೋರುತ್ತಿದ್ದ ಎಡ ಕವಾಟವೂ ಅನೇಕರಲ್ಲಿ ತಾನಾಗಿ ಸುಧಾರಿಸುತ್ತದೆ. ಕೆಲವರಿಗೆ ಮುಂದೆ ಕವಾಟಕ್ಕಾಗಿ ಇನ್ನೊಂದು ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ತೀರಾ ತಡವಾಗಿ, ಹೃದಯ ಪೂರ್ತಿ ಸೋತ ಮೇಲೆ ಬಂದವರಿಗೆ ಅಪಾಯ ಹೆಚ್ಚು. ಆದರೆ ‘ಇಷ್ಟು ದುರ್ಬಲ ಕೂಸು ಆಪರೇಷನ್ ತಡೆಯುತ್ತದೆಯೇ, ಸ್ವಲ್ಪ ಮೈ ಹಿಡಿಯಲಿ’ ಎಂದು ಮನೆಯ ಹಿರಿಯರು ಹೇಳುವ ಮಾತು ಇಲ್ಲಿ ಸಲ್ಲದು. ನಾಳ ಜೋಡಿಸದೆ ಆ ಕೂಸು ಮೈ ಹಿಡಿಯುವುದಿಲ್ಲ.

ಶಾಲೆಯಲ್ಲಿ ಕಲಿಸುವವರಿಗೂ ಈ ವಿಷಯದಲ್ಲಿ ಕೆಲಸವಿದೆ. ಕರೊನರಿಯ ಇನ್ನೊಂದು ದೋಷವಿದೆ. ಅದರಲ್ಲಿ ನಾಳ ಮಹಾಪಧಮನಿಯಿಂದಲೇ ಹುಟ್ಟುತ್ತದೆ, ಆದರೆ ಎಡದ್ದು ಬಲಬದಿಯಿಂದಲೋ ಬಲದ್ದು ಎಡಬದಿಯಿಂದಲೋ ಹೊರಟು ಎರಡು ದೊಡ್ಡ ನಾಳಗಳ ನಡುವೆ ಹಾದುಹೋಗುತ್ತದೆ. ಎಳೆತನದಲ್ಲಿ ಏನೂ ಗೊತ್ತಾಗುವುದಿಲ್ಲ. ಹತ್ತು-ಹದಿನೈದರ ವಯಸ್ಸಿನಲ್ಲಿ ಓಡುವಾಗ, ಕಬಡ್ಡಿ ಆಡುವಾಗ ಎದೆನೋವು ಬರಬಹುದು ಅಥವಾ ಮಗು ಥಟ್ಟನೆ ಬಿದ್ದುಬಿಡಬಹುದು. ಕೆಲವರಿಗೆ ಮೊದಲ ಲಕ್ಷಣವೇ ಕೊನೆಯದಾಗುತ್ತದೆ. ಅಮೆರಿಕದ ಪ್ರಸಿದ್ಧ ಬ್ಯಾಸ್ಕೆಟ್‌ಬಾಲ್ ಆಟಗಾರ ಪೀಟ್ ಮರಾವಿಚ್ 1988ರಲ್ಲಿ 40ನೆಯ ವಯಸ್ಸಿನಲ್ಲಿ ಆಡುತ್ತಲೇ ಕುಸಿದು ತೀರಿಕೊಂಡಾಗ, ಅವರಿಗೆ ಹುಟ್ಟಿನಿಂದಲೇ ಎಡ ಕರೊನರಿ ಧಮನಿ ಇರಲಿಲ್ಲ ಎಂದು ಗೊತ್ತಾಯಿತು. ಬೆಳಗಿನ ಪ್ರಾರ್ಥನೆಯಲ್ಲಿ ನಿಂತು ನಿಂತು ತಲೆಸುತ್ತಿ ಬೀಳುವ ಮಕ್ಕಳನ್ನು ನಾವು ದಿನವೂ ನೋಡುತ್ತೇವೆ. ಬಹುಪಾಲು ಅದು ಉಪವಾಸ ಬಂದದ್ದರ ಫಲ. ಓಡುತ್ತಿರುವಾಗಲೇ ಬೀಳುವುದು ಬೇರೆ. ಅಂಥ ಮಗುವಿಗೆ ನೀರು ಚಿಮುಕಿಸಿ, ಸಕ್ಕರೆ ತಿನ್ನಿಸಿ ಮನೆಗೆ ಕಳಿಸಿದರೆ ಸಾಲದು, ಹೃದಯ ಪರೀಕ್ಷೆಯಾಗುವವರೆಗೆ ಆಟ ನಿಲ್ಲಿಸಬೇಕು. ಈ ದೋಷಕ್ಕೂ ಶಸ್ತ್ರಚಿಕಿತ್ಸೆಯಿದೆ, ಅಪಾಯವೂ ಕಡಿಮೆ. ಏನೂ ತೊಂದರೆಯಿಲ್ಲದೆ ಆಕಸ್ಮಿಕವಾಗಿ ಪತ್ತೆಯಾದ ಮಕ್ಕಳಿಗೆ ಮಾಡಬೇಕೇ ಬೇಡವೇ ಎಂಬುದನ್ನು ತಜ್ಞರು ಒಬ್ಬೊಬ್ಬರನ್ನೇ ನೋಡಿ ನಿರ್ಧರಿಸುತ್ತಾರೆ.

ಇನ್ನು ಹಣದ ಮಾತು. ನೇಸರಗಿಯಿಂದ ಬೆಳಗಾವಿ ಸುಮಾರು ಒಂದು ತಾಸಿನ ದಾರಿ. ಬೆಳಗಾವಿಯ ಕೆಎಲ್‌ಇ ಸಂಸ್ಥೆಯ ಡಾ. ಪ್ರಭಾಕರ ಕೋರೆ ಆಸ್ಪತ್ರೆ, ಧಾರವಾಡದ ಎಸ್‌ಡಿಎಂ ನಾರಾಯಣ ಹಾರ್ಟ್ ಸೆಂಟರ್ ನಮಗೆ ಹತ್ತಿರದವು. ಬೆಂಗಳೂರಿನಲ್ಲಿ ಸರಕಾರದ ಜಯದೇವ ಸಂಸ್ಥೆ, ನಾರಾಯಣ ಹೃದಯಾಲಯ, 2001ರಿಂದ ಹಣ ಪಡೆಯದೆ ಶಸ್ತ್ರಚಿಕಿತ್ಸೆ ಮಾಡುತ್ತಿರುವ ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆ ಇವೆ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಕೂತರೆ ಬೆಳಿಗ್ಗೆ ಬೆಂಗಳೂರು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ 30 ಶೇಕಡ ಭರಿಸುತ್ತಾರೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಹೃದಯದೋಷವೂ ಸೇರಿದೆ. ಅವರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರುತ್ತದೆ. ಆ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ರೇಷನ್ ಕಾರ್ಡಿನಲ್ಲಿ ಮಗುವಿನ ಹೆಸರು ಸೇರದೆ ಇರುವುದು, ಆಧಾರ್ ಇಲ್ಲದಿರುವುದು, ಸರಕಾರಿ ಆಸ್ಪತ್ರೆಯ ರೆಫರಲ್ ಪತ್ರ ತಾರದೆ ನೇರ ಹೋಗುವುದು, ಕೆಲಸ ತಡವಾಗುವುದು ಹೆಚ್ಚಾಗಿ ಇವುಗಳಿಂದ. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ, ಮೊದಲು ಅವರನ್ನೇ ಕಾಣಿರಿ. ಚಿನ್ನ ಅಡವಿಡುವುದು, ಸಾಲ ಮಾಡುವುದು ಆಮೇಲಿನ ಮಾತು.

ಬರೆಯಲು ಮನಸ್ಸಿಗೆ ಕಷ್ಟವಾಗುವ ಒಂದು ಸಂಗತಿಯನ್ನೂ ಹೇಳಲೇಬೇಕು. ದಿಲ್ಲಿಯ ಏಮ್ಸ್ ವೈದ್ಯರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೃದಯದ ಶಸ್ತ್ರಚಿಕಿತ್ಸೆ ಬೇಕೆಂದು ಹೇಳಿದ್ದ ಗಂಡುಮಕ್ಕಳಲ್ಲಿ 70 ಶೇಕಡ ಮಕ್ಕಳಿಗೆ ಅದು ಆಗಿತ್ತು, ಹೆಣ್ಣುಮಕ್ಕಳಲ್ಲಿ ಆದದ್ದು 44 ಶೇಕಡ ಮಾತ್ರ. ಆಸ್ಪತ್ರೆ ಒಂದೇ, ವೈದ್ಯರೂ ಅವರೇ. ವ್ಯತ್ಯಾಸ ಇದ್ದದ್ದು ಮನೆಯಲ್ಲಿ. ಎದೆಯ ಮೇಲೆ ಗಾಯದ ಗುರುತಿದ್ದರೆ ನಾಳೆ ಯಾರು ಮದುವೆಯಾಗುತ್ತಾರೆ ಎಂಬ ಮಾತು ಮೂರು ತಿಂಗಳ ಹೆಣ್ಣುಕೂಸಿನ ವಿಷಯದಲ್ಲೂ ಬರುತ್ತದೆ. ಈ ಮಾತು ಹೆಚ್ಚಾಗಿ ಹೆಂಗಸರ ಬಾಯಿಂದಲೇ ಬರುತ್ತದೆ ಎಂದು ಹೇಳಿದರೆ ಓದುಗರು ಸಿಟ್ಟಾಗಬಾರದು. ಬದುಕಿದ್ದರೆ ತಾನೇ ಮದುವೆ?

ಇಷ್ಟೆಲ್ಲ ಪರೀಕ್ಷೆ, ಶಸ್ತ್ರಚಿಕಿತ್ಸೆ ಎಂದೆನಾದರೂ ಮೊದಲ ಸುಳಿವು ಸಿಗುವುದು ಮನೆಯಲ್ಲೇ, ತಾಯಿ ಕಾರ್ಡಿನಲ್ಲಿ. ಮೊದಲ ಮೂರು ತಿಂಗಳಲ್ಲಿ ಕೂಸಿನ ತೂಕ ದಿನಕ್ಕೆ 20ರಿಂದ 30 ಗ್ರಾಂ ಹೆಚ್ಚಬೇಕು. ಲಸಿಕೆಗೆ ಹೋದಾಗಲೆಲ್ಲ ತೂಕ ಬರೆಸಿ. ಹಾಲು ಕುಡಿಯುವಾಗ ಬೆವರು, ನಡುನಡುವೆ ನಿಲ್ಲಿಸಿ ಚೀರುವುದು, ಮಲಗಿದಾಗಲೂ ಪಕ್ಕೆ ಒಳಸೆಳೆಯುವ ಉಸಿರು, ತೂಕ ಹೆಚ್ಚದಿರುವುದು, ಇವುಗಳಲ್ಲಿ ಎರಡು ಜೊತೆಗೂಡಿದರೂ ನರ್ಸಮ್ಮನಿಗೆ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಸಾಲಿನಲ್ಲಿ ನಿಂತ ಐವತ್ತು ಮಕ್ಕಳಲ್ಲಿ ಅವರಿಗೆ ಗೊತ್ತಾಗುವುದಿಲ್ಲ.

ಶಸ್ತ್ರಚಿಕಿತ್ಸೆಯಾದ ಮಗುವನ್ನು ಸುಮಾರು ಆರು ವಾರ ಕಂಕುಳಿಗೆ ಕೈ ಹಾಕಿ ಎತ್ತಬಾರದು, ಎದೆಯ ಮೂಳೆ ಕೂಡಬೇಕು. ತಲೆ ಮತ್ತು ಕೆಳಬೆನ್ನಿಗೆ ಕೈಕೊಟ್ಟು ಎತ್ತಬೇಕು. ಔಷಧ ತಿಂಗಳುಗಟ್ಟಲೆ ಇರುತ್ತದೆ. ಮಗು ಆಡಲು ಶುರುಮಾಡಿತೆಂದು ನಿಲ್ಲಿಸಬಾರದು. ಉಳಿದ ಲಸಿಕೆಗಳನ್ನು ವೈದ್ಯರನ್ನು ಕೇಳಿ ಪೂರ್ತಿ ಮಾಡಿಸಬೇಕು. ಹೊಲಿದ ಜಾಗದಲ್ಲಿ ವರ್ಷಗಳ ನಂತರ ನಾಳ ಕಿರಿದಾಗುವ ಸಾಧ್ಯತೆ ಇರುವುದರಿಂದ ತಪಾಸಣೆ ಜೀವನಪೂರ್ತಿ ಬೇಕು. ಸ್ವಲ್ಪ ದೊಡ್ಡವರಾದ ಮೇಲೆ ಓಡಿಸಿ ನೋಡುವ ಪರೀಕ್ಷೆಯೂ ಇರುತ್ತದೆ. ಯಾವ ಆಟ ಆಡಬಹುದು ಎಂದು ಬರೆಸಿಕೊಂಡು ಬಂದು ಶಾಲೆಗೆ ಕೊಡಿ. ಇಲ್ಲದಿದ್ದರೆ ಹೆದರಿದ ಶಿಕ್ಷಕರು ಆ ಮಗುವನ್ನು ಏಳು ವರ್ಷ ಮರದ ಕೆಳಗೇ ಕೂರಿಸುತ್ತಾರೆ.

ಡಿಸ್ಚಾರ್ಜ್ ಕಾಗದ, ಎಕೋ ವರದಿಗಳು, ಶಸ್ತ್ರಚಿಕಿತ್ಸೆಯ ಟಿಪ್ಪಣಿ ಇವನ್ನೆಲ್ಲ ಒಂದು ಫೈಲಿನಲ್ಲಿಟ್ಟು ಮನೆಯ ಕಾಗದಪತ್ರಗಳ ಜೊತೆ ಜೋಪಾನ ಮಾಡಿ, ಇನ್ನೊಂದು ಪ್ರತಿ ತೆಗೆಸಿಡಿ. ಮುಂದೆ ಅರಿವಳಿಕೆ ಕೊಡುವ ವೈದ್ಯರಿಗೆ ಅದು ಬೇಕಾಗುತ್ತದೆ, ಹೆಣ್ಣುಮಗಳಾದರೆ ಹೆರಿಗೆಯ ವೈದ್ಯರಿಗೂ. ಮದುವೆಯಾಗಿ ಹೋಗುವಾಗ ಆ ಫೈಲು ಅವಳ ಪೆಟ್ಟಿಗೆಯಲ್ಲಿರಬೇಕು, ಅದರಲ್ಲೇನಿದೆ ಎಂಬುದು ಗಂಡನ ಮನೆಯವರಿಗೆ ಮೊದಲೇ ತಿಳಿದಿರಬೇಕು.